ಪ್ರಾಡಕ್ಟ್ ಗೇಮ್: 36 ಮನೆ, ಎರಡು ಹುಣಸೆಬೀಜ – ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಆಟ?

ಇಬ್ಬರು ಆಡುವ ಗುಣಾಕಾರದ ಆಟ. ಮೇಲೆ 36 ಮನೆಗಳ ಚೌಕ. ಪ್ರತಿ ಮನೆಯಲ್ಲೂ ಒಂದು ಸಂಖ್ಯೆ. ಕೆಳಗೆ 1ರಿಂದ 9ರವರೆಗಿನ ಅಂಕಿಗಳ ಒಂದು ಪಟ್ಟಿ. ಪಟ್ಟಿಯ ಮೇಲೆ ಎರಡು ಬೀಜಗಳನ್ನು ಓಡಾಡಿಸುತ್ತಾ, ಅವು ಕೂತ ಅಂಕಿಗಳನ್ನು ಗುಣಿಸಿ, ಬಂದ ಸಂಖ್ಯೆಯ ಮನೆ ಹಿಡಿಯಬೇಕು. ಯಾರು ಮೊದಲು ಒಂದೇ ಸಾಲಿನಲ್ಲಿ ಪಕ್ಕಪಕ್ಕದ ನಾಲ್ಕು ಮನೆ ಹಿಡಿಯುತ್ತಾರೋ ಅವರು ಗೆದ್ದಂತೆ. ಸಾಲು ಅಡ್ಡ ಇರಬಹುದು, ಉದ್ದ ಇರಬಹುದು, ಓರೆಯೂ ಇರಬಹುದು.

ಇಂಗ್ಲಿಷಿನಲ್ಲಿ ಇದಕ್ಕೆ ಪ್ರಾಡಕ್ಟ್ ಗೇಮ್ ಎಂದು ಹೆಸರು. ನಮ್ಮ ಮನೆಯಲ್ಲಿ ಗುಣಲಬ್ಧದ ಆಟ ಅನ್ನುತ್ತೇವೆ.

ಆಡಲು ಏನೇನು ಬೇಕು?

ಒಂದು ಹಾಳೆ, ಒಂದು ಪೆನ್ನು, ಎರಡು ಹುಣಸೆಬೀಜ. ಮನೆ ಹಿಡಿಯಲು ಎರಡು ಬಗೆಯ ಕಾಯಿಗಳೂ ಬೇಕು. ಚೌಕಾಬಾರಕ್ಕೆ ಎತ್ತಿಟ್ಟ ಬಳೆಚೂರುಗಳಿದ್ದರೆ ಅವೇ ಸಾಕು. ಇಲ್ಲದಿದ್ದರೆ ಒಬ್ಬರಿಗೆ ಅವರೆಕಾಳು, ಇನ್ನೊಬ್ಬರಿಗೆ ಕಡಲೆಕಾಳು. ಎರಡು ಬಣ್ಣದ ಪೆನ್ಸಿಲ್ ಇದ್ದರೂ ಆಗುತ್ತದೆ, ಆದರೆ ಆಗ ಪ್ರತಿ ಆಟಕ್ಕೂ ಹೊಸ ಹಾಳೆ ಬೇಕು.

ಬೋರ್ಡ್ ಹೇಗೆ ಬರೆಯಬೇಕು?

ಹೀಗೆ:

1 – 2 – 3 – 4 – 5 – 6
7 – 8 – 9 – 10 – 12 – 14
15 – 16 – 18 – 20 – 21 – 24
25 – 27 – 28 – 30 – 32 – 35
36 – 40 – 42 – 45 – 48 – 49
54 – 56 – 63 – 64 – 72 – 81

ಅದರ ಕೆಳಗೆ ಪಟ್ಟಿ: 1 2 3 4 5 6 7 8 9

ಬೋರ್ಡಿನಲ್ಲಿ 11, 13, 50 ಯಾಕಿಲ್ಲ?

1ರಿಂದ 9ರೊಳಗಿನ ಎರಡು ಅಂಕಿಗಳನ್ನು ಗುಣಿಸಿದರೆ ಬರುವ ಸಂಖ್ಯೆಗಳಿಗೆ ಮಾತ್ರ ಇಲ್ಲಿ ಜಾಗ. 11 ಮತ್ತು 13 ಅವಿಭಾಜ್ಯ ಸಂಖ್ಯೆಗಳು, 9ಕ್ಕಿಂತ ದೊಡ್ಡವು. ಅವು ಹೇಗೂ ಬರುವುದಿಲ್ಲ. 22, 26, 33 ಆಗಬೇಕಾದರೂ 11 ಅಥವಾ 13 ಬೇಕು, ಹಾಗಾಗಿ ಅವೂ ಇಲ್ಲ. 50ರ ಕಥೆ ಸ್ವಲ್ಪ ಬೇರೆ. ಅದು 2 ಮತ್ತು 5ರಿಂದಲೇ ಆಗಿದೆ. ಆದರೆ 5 × 10 ಅಥವಾ 2 × 25 ಎಂದೇ ಬರೆಯಬೇಕು, ನಮ್ಮ ಪಟ್ಟಿ 9ಕ್ಕೇ ನಿಂತುಬಿಡುತ್ತದೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕವಿದೆ. ಒಂಬತ್ತು ಅಂಕಿಗಳಿಂದ 45 ಜೋಡಿಗಳಾಗುತ್ತವೆ, 3 × 3 ತರಹದ ಜೋಡಿಗಳೂ ಸೇರಿ. ಅವುಗಳಲ್ಲಿ ಒಂಬತ್ತು ಸಂಖ್ಯೆಗಳು ಎರಡೆರಡು ಸಲ ಬರುತ್ತವೆ: 4, 6, 8, 9, 12, 16, 18, 24, 36. 45ರಲ್ಲಿ 9 ಕಳೆದರೆ ಉಳಿಯುವುದು 36. ಅಂದರೆ ಸರಿಯಾಗಿ ಆರು ಸಾಲು, ಆರು ಕಂಬ. ಒಂದು ಮನೆ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಚೌಕ ತುಂಬಲಿ ಎಂದು ಯಾರೂ ಸುಮ್ನೆ ಸಂಖ್ಯೆ ಸೇರಿಸಿಲ್ಲ.

ನಿಯಮಗಳೇನು?

ಮೊದಲನೆಯವರು ಪಟ್ಟಿಯ ಯಾವುದಾದರೂ ಅಂಕಿಯ ಮೇಲೆ ಒಂದು ಬೀಜ ಇಡುತ್ತಾರೆ. ಅವರಿಗೆ ಈ ಸಲ ಮನೆ ಸಿಗುವುದಿಲ್ಲ. ಎರಡನೆಯವರು ಇನ್ನೊಂದು ಬೀಜವನ್ನು ತಮಗೆ ಬೇಕಾದ ಅಂಕಿಯ ಮೇಲೆ ಇಟ್ಟು, ಎರಡನ್ನೂ ಗುಣಿಸಿ ಆ ಮನೆಯಲ್ಲಿ ತಮ್ಮ ಕಾಯಿ ಇಡುತ್ತಾರೆ. ಅಲ್ಲಿಂದ ಮುಂದೆ ಸರದಿಯಂತೆ ಪ್ರತಿಯೊಬ್ಬರೂ ಒಂದೇ ಒಂದು ಬೀಜವನ್ನು ಸರಿಸಬೇಕು. ಯಾವ ಬೀಜ ಎಂಬುದು ಅವರವರ ಇಷ್ಟ. ಇನ್ನೊಂದು ಬೀಜ ಇದ್ದಲ್ಲೇ ಇರಬೇಕು.

ಆಟದ ಜೀವ ಇರುವುದು ಆ ಕೊನೆಯ ನಿಯಮದಲ್ಲಿ. ಬೀಜಗಳು ನಿಮ್ಮವಲ್ಲ, ಇಬ್ಬರವೂ. ನೀವು ಎಲ್ಲಿ ಬಿಟ್ಟುಹೋಗುತ್ತೀರೋ ಅಲ್ಲಿಂದ ಎದುರಾಳಿ ಶುರು ಮಾಡುತ್ತಾರೆ.

ಒಂದು ಉದಾಹರಣೆ ಕೊಡಿ.

ಅಜ್ಜಿ ಮತ್ತು ಮೊಮ್ಮಗಳು ಆಡುತ್ತಿದ್ದಾರೆ ಅಂದುಕೊಳ್ಳಿ. ಅಜ್ಜಿ ಮೊದಲ ಬೀಜವನ್ನು 1ರ ಮೇಲೆ ಇಟ್ಟರು. ಮೊಮ್ಮಗಳು ಎರಡನೆಯದನ್ನು 8ರ ಮೇಲೆ ಇಟ್ಟಳು. ಒಂದೆಂಟ್ಲೆ ಎಂಟು, 8ರ ಮನೆ ಅವಳಿಗೆ. ಅಜ್ಜಿ 1ರ ಬೀಜವನ್ನು 4ಕ್ಕೆ ಸರಿಸಿ 32 ಹಿಡಿದರು. ಮೊಮ್ಮಗಳು 8ರ ಬೀಜವನ್ನು 5ಕ್ಕೆ ತಂದು 20 ಹಿಡಿದಳು. ಈಗ ಬೀಜಗಳು 4 ಮತ್ತು 5ರ ಮೇಲಿವೆ. ಅಜ್ಜಿ 4ನ್ನು 6ಕ್ಕೆ ಸರಿಸಿದರು: 30. ಅದು 32ರ ಪಕ್ಕದ ಮನೆ. ಮೊಮ್ಮಗಳು 5ನ್ನು 3ಕ್ಕೆ ತಂದಳು: 18. ಅದು 20ರ ಪಕ್ಕದ್ದು, 8ಕ್ಕೆ ಓರೆಯಲ್ಲಿ ಅಂಟಿಕೊಂಡದ್ದು. ಆದರೆ ಅದೇ ಓರೆಯಲ್ಲಿ ಮುಂದಿನ ಮನೆ 30. ಅದನ್ನು ಅಜ್ಜಿ ಆಗಲೇ ಹಿಡಿದಾಗಿದೆ! ಅಜ್ಜಿಯ ಒಂದೇ ನಡೆ ಎರಡು ಕೆಲಸ ಮಾಡಿತು. ಇಂಥ ನಡೆ ಕಣ್ಣಿಗೆ ಬೀಳಲು ಶುರುವಾದರೆ ಆಟ ಹತ್ತಿದಂತೆ.

ಆಗಲೇ ತುಂಬಿರುವ ಮನೆಯೇ ಬಂದರೆ?

ಬೀಜ ಸರಿಸಬಹುದು, ಆದರೆ ಆ ಸಲ ಮನೆ ಸಿಗುವುದಿಲ್ಲ. ಇದು ನಷ್ಟವೇ ಆಗಬೇಕೆಂದಿಲ್ಲ. ಎದುರಾಳಿಗೆ ಬೇಕಾದ ಅಂಕಿಯಿಂದ ಬೀಜ ತೆಗೆಯಲು ಬೇರೆ ದಾರಿಯೇ ಇಲ್ಲದಿದ್ದಾಗ, ಒಂದು ಮನೆ ಬಿಟ್ಟುಕೊಟ್ಟು ಆಟ ಉಳಿಸಿಕೊಳ್ಳಬಹುದು.

ಎರಡೂ ಬೀಜ ಒಂದೇ ಅಂಕಿಯ ಮೇಲೆ ಇರಬಹುದಾ?

ಇರಬಹುದು, ಇರಲೇಬೇಕು. ಇಲ್ಲದಿದ್ದರೆ 1, 25, 49, 64, 81 ಈ ಐದು ಮನೆಗಳನ್ನು ಯಾರೂ ಹಿಡಿಯಲಾಗುವುದಿಲ್ಲ.

ಇನ್ನೊಂದು ವಿಷಯ. ಬೀಜಗಳು ಬೇರೆ ಬೇರೆ ಅಂಕಿಗಳ ಮೇಲಿದ್ದರೆ ಮುಂದಿನವರಿಗೆ 16 ನಡೆಗಳಿರುತ್ತವೆ. ಎರಡೂ ಒಂದೇ ಅಂಕಿಯ ಮೇಲಿದ್ದರೆ ಬರೀ 8. ಎದುರಾಳಿಯ ಕೈ ಕಟ್ಟಬೇಕು ಅನ್ನಿಸಿದಾಗ ಇದು ನೆನಪಿರಲಿ.

ಅದೃಷ್ಟ ಎಷ್ಟು ಬೇಕು?

ಬೇಡವೇ ಬೇಡ. ದಾಳವಿಲ್ಲ, ಕವಡೆಯಿಲ್ಲ, ಎಲ್ಲವೂ ಕಣ್ಣೆದುರಿಗೇ ಇದೆ.

ಮೊದಲ ಬೀಜವನ್ನು ಎಲ್ಲಿಟ್ಟರೆ ಒಳ್ಳೆಯದು?

ನನ್ನ ಕೈ 1 ಅಥವಾ 8ಕ್ಕೆ ಹೋಗುತ್ತದೆ. ಕಾರಣ ಹೇಳುತ್ತೇನೆ. ಬೋರ್ಡಿನ ನಟ್ಟನಡುವಿನ ನಾಲ್ಕು ಮನೆಗಳು 18, 20, 28, 30. ಎಲ್ಲಕ್ಕಿಂತ ಬೆಲೆಯ ಜಾಗ ಅದು. 2, 3, 6, 9 ಇವುಗಳಿಂದ 18 ಸಿಗುತ್ತದೆ. 4 ಅಥವಾ 5ರಿಂದ 20. 4 ಅಥವಾ 7ರಿಂದ 28. 5 ಅಥವಾ 6ರಿಂದ 30. ಈ ಲೆಕ್ಕದಲ್ಲಿ ಸೇರದ ಅಂಕಿಗಳು ಎರಡೇ: 1 ಮತ್ತು 8. ಅವುಗಳ ಮೇಲೆ ಬೀಜ ಇಟ್ಟರೆ ಎದುರಾಳಿಗೆ ಮೊದಲ ನಡೆಯಲ್ಲೇ ನಡುಮನೆ ಸಿಗುವುದಿಲ್ಲ.

ಯಾವ ಮನೆ ಹೆಚ್ಚು ಬೆಲೆಬಾಳುತ್ತದೆ?

ಈ ಪ್ರಶ್ನೆಗೆ ಎರಡು ಮುಖ. ಒಂದು, ಆ ಮನೆಯಿಂದ ಎಷ್ಟು ಸಾಲು ಕಟ್ಟಬಹುದು? ಇನ್ನೊಂದು, ಅದನ್ನು ಹಿಡಿಯುವುದು ಎಷ್ಟು ಸುಲಭ?

ಇಡೀ ಬೋರ್ಡಿನಲ್ಲಿ ನಾಲ್ಕರ ಸಾಲು ಒಟ್ಟು 54 ಇವೆ. ಅಡ್ಡ 18, ಉದ್ದ 18, ಓರೆ 18. ನಡುವಿನ ನಾಲ್ಕು ಮನೆಗಳಲ್ಲಿ ಪ್ರತಿಯೊಂದೂ 11 ಸಾಲುಗಳಲ್ಲಿ ಬರುತ್ತದೆ. ಮೂಲೆಯ 1, 6, 54, 81 ಇವು ಮೂರು ಮೂರು ಸಾಲುಗಳಲ್ಲಿ ಮಾತ್ರ.

ಸುಲಭದ ಮಾತಿಗೆ ಬಂದರೆ 6, 8, 12, 18, 24 ಈ ಐದು ಮನೆಗಳಿಗೆ ಬಾಗಿಲು ಜಾಸ್ತಿ. ಉದಾಹರಣೆಗೆ 24 ಎಂದರೆ 3 × 8 ಅಥವಾ 4 × 6. ಹಾಗಾಗಿ 3, 4, 6, 8 ಈ ನಾಲ್ಕರಲ್ಲಿ ಯಾವುದರ ಮೇಲೆ ಬೀಜವಿದ್ದರೂ 24 ಸಿಗುತ್ತದೆ. ಆದರೆ 24 ಇರುವುದು ಅಂಚಿನಲ್ಲಿ, ಅದಕ್ಕೆ ಸಿಗುವುದು 5 ಸಾಲು. ಸುಲಭಕ್ಕೆ ಸಿಕ್ಕಿತು ಎಂದು ಹೊಸಬರು ಮೊದಲೇ 24 ಹಿಡಿದುಬಿಡುತ್ತಾರೆ. ಅವಸರ ಬೇಡ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಎರಡು ಗುಣವೂ ಕೂಡಿಬಂದಿರುವುದು 18ರಲ್ಲಿ: ನಾಲ್ಕು ಬಾಗಿಲು, 11 ಸಾಲು. ಇಡೀ ಬೋರ್ಡಿನಲ್ಲಿ ನನಗೆ ಮೊದಲು ಬೇಕಾದ ಮನೆ ಅದೇ.

ಎದುರಾಳಿಗೆ ಮೂರು ಕೂಡಿಬಿಟ್ಟಿದೆ. ತಡೆಯುವುದು ಹೇಗೆ?

ಹೊಸಬರು ಬೋರ್ಡನ್ನೇ ನೋಡುತ್ತಾರೆ. ನಾಲ್ಕನೆಯ ಮನೆಯಲ್ಲಿ ತಾವೇ ಹೋಗಿ ಕೂರಲು ದಾರಿ ಹುಡುಕುತ್ತಾರೆ. ಅದೊಂದು ದಾರಿ, ನಿಜ. ಆದರೆ ಅದಕ್ಕೂ ಮೊದಲು ಪಟ್ಟಿಯನ್ನು ನೋಡಿ.

ಎದುರಾಳಿಗೆ 49 ಬೇಕು ಅಂದುಕೊಳ್ಳಿ. ಅದಕ್ಕೆ ಏಳೇಳ್ಲೆ ನಲವತ್ತೊಂಬತ್ತು ಬಿಟ್ಟರೆ ಬೇರೆ ದಾರಿಯಿಲ್ಲ. ಪಟ್ಟಿಯಲ್ಲಿ 7ರ ಮೇಲೆ ಬೀಜ ಬಿಡದಿದ್ದರೆ ಸಾಕು. ಅವರು ಒಂದು ಸಲಕ್ಕೆ ಒಂದೇ ಬೀಜ ಸರಿಸಬಹುದು, ಎರಡನ್ನೂ 7ಕ್ಕೆ ತರಲಾಗುವುದಿಲ್ಲ. ನೀವು 49ರ ಹತ್ತಿರವೂ ಹೋಗದೆ ಅದಕ್ಕೆ ಬೀಗ ಹಾಕಿದಿರಿ.

ಬೇಕಾದದ್ದು 24 ಆದರೆ ಕಷ್ಟ. ಆಗ 3, 4, 6, 8 ನಾಲ್ಕೂ ಖಾಲಿ ಇರಬೇಕು. ಒಂದು ಬೀಜ ಮಾತ್ರ ಆ ಗುಂಪಿನಲ್ಲಿದ್ದರೆ ಅದನ್ನು 1, 2, 5, 7, 9ರಲ್ಲಿ ಎಲ್ಲಿಗಾದರೂ ಸರಿಸಿ. ಎರಡೂ ಅಲ್ಲೇ ಇದ್ದರೆ ನೀವು ತೆಗೆಯಬಹುದಾದದ್ದು ಒಂದನ್ನೇ. ಆಗ ಮಾತ್ರ ನೀವೇ 24 ಹಿಡಿಯಬೇಕು.

ಒಂದೇ ಮನೆಗೆ ಎರಡು ದಾರಿ ಇದ್ದರೆ ಯಾವುದರಿಂದ ಹೋದರೂ ಒಂದೇ ಅಲ್ವಾ?

ಖಂಡಿತ ಅಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ. ಹಾಳೆ ಮುಂದಿಟ್ಟುಕೊಂಡು ಓದಿದರೆ ಇನ್ನೂ ಒಳ್ಳೆಯದು.

ಮೂರನೆಯ ಸಾಲು ನೋಡಿ: 15, 16, 18, 20, 21, 24. ಅದರಲ್ಲಿ 20 ಮತ್ತು 21 ನಿಮ್ಮವು. 16, 18, 24 ಖಾಲಿ. ಎದುರಾಳಿ ಈಗ ತಾನೇ 27 ಹಿಡಿದಿದ್ದಾರೆ, ಹಾಗಾಗಿ ಬೀಜಗಳು 3 ಮತ್ತು 9ರ ಮೇಲಿವೆ. ಅವರಿಗೆ ಯಾವ ಸಾಲಿನಲ್ಲೂ ಮೂರು ಕೂಡಿಲ್ಲ. ನಿಮ್ಮ ಸರದಿ. 18 ಹಿಡಿಯಬೇಕು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಹಿಡಿದರೆ 18, 20, 21 ಮೂರು ಸೇರುತ್ತವೆ, ಎರಡೂ ತುದಿ ತೆರೆದಿರುತ್ತವೆ. ಆಮೇಲೆ 16 ಸಿಕ್ಕರೂ ಗೆಲುವು, 24 ಸಿಕ್ಕರೂ ಗೆಲುವು. ಆದರೆ 18 ಹಿಡಿಯಲು ಎರಡು ದಾರಿ ಇವೆ. 3ರ ಬೀಜವನ್ನು 2ಕ್ಕೆ ತಂದರೆ 2 × 9. 9ರ ಬೀಜವನ್ನು 6ಕ್ಕೆ ತಂದರೆ 3 × 6.

ಮೊದಲು 2 × 9 ನೋಡೋಣ. ಎದುರಾಳಿ 2ರ ಬೀಜವನ್ನು 5ಕ್ಕೆ ಸರಿಸುತ್ತಾರೆ. ಬೀಜಗಳು 5 ಮತ್ತು 9. ನಿಮಗೆ 16 ಬೇಕಾದರೆ 2, 4 ಅಥವಾ 8ರ ಮೇಲೆ ಬೀಜವಿರಬೇಕು. 24 ಬೇಕಾದರೆ 3, 4, 6 ಅಥವಾ 8. ಒಂದೂ ಇಲ್ಲ. ಅವರು ತಪ್ಪಿಸಿಕೊಂಡರು, ಜೊತೆಗೆ 45ರ ಮನೆಯನ್ನೂ ಹಿಡಿದರು.

ಈಗ 3 × 6. ಎದುರಾಳಿ ಒಂದು ಬೀಜವನ್ನು ಇದ್ದಲ್ಲೇ ಬಿಡಲೇಬೇಕು. ಅವರು 3ನ್ನು ಬಿಟ್ಟರೆ ನೀವು ಇನ್ನೊಂದನ್ನು 8ಕ್ಕೆ ತಂದು 24 ಹಿಡಿಯುತ್ತೀರಿ. ಅದನ್ನು ತಡೆಯಲು ಅವರೇ 6ನ್ನು 8ಕ್ಕೆ ಸರಿಸಿ 24 ಹಿಡಿದರೆ? ಬೀಜಗಳು 3 ಮತ್ತು 8. ನೀವು 3ನ್ನು 2ಕ್ಕೆ ತನ್ನಿ: ಎರಡೆಂಟ್ಲೆ ಹದಿನಾರು. ಗೆದ್ದಿರಿ. ಅವರು 6ನ್ನು ಬಿಟ್ಟರೆ ನೀವು 4ರಿಂದ 24 ಹಿಡಿಯುತ್ತೀರಿ. ಅದನ್ನೂ ತಡೆಯಲು ಅವರೇ 3ನ್ನು 4ಕ್ಕೆ ಸರಿಸಿ 24 ಹಿಡಿದರೆ ಬೀಜಗಳು 4 ಮತ್ತು 6. ನೀವು 6ನ್ನು 4ಕ್ಕೆ ತನ್ನಿ: ನಾಲ್ನಾಲ್ಕ್ಲೆ ಹದಿನಾರು. ಮತ್ತೆ ನೀವೇ ಗೆದ್ದಿರಿ.

ಅದೇ 18, ಅದೇ ಮನೆ, ಅದೇ ಕಾಯಿ. ಒಂದು ದಾರಿಯಲ್ಲಿ ಗೆಲುವು ಕೈತಪ್ಪುತ್ತದೆ, ಇನ್ನೊಂದರಲ್ಲಿ ಎದುರಾಳಿ ಏನು ಮಾಡಿದರೂ ಉಳಿಯುವುದಿಲ್ಲ. ಇದನ್ನು ಮೊದಲ ಸಲ ಹಾಳೆಯ ಮೇಲೆ ಬಿಡಿಸಿ ನೋಡಿದ ದಿನ ನಾನು ರಾತ್ರಿ ಊಟ ತಣ್ಣಗಾಗುವವರೆಗೂ ಕೂತಿದ್ದೆ. ಅಲ್ಲಿಯವರೆಗೆ ನಾನು ಆಡುತ್ತಿದ್ದದ್ದು ಮೇಲಿನ ಚೌಕವನ್ನು. ಆಟ ನಡೆಯುತ್ತಿದ್ದದ್ದು ಕೆಳಗಿನ ಪಟ್ಟಿಯಲ್ಲಿ.

ಇದನ್ನು ಆಡಿದರೆ ಮಗ್ಗಿ ಬಾಯಿಪಾಠ ಮಾಡುವುದು ಬೇಡವಾ?

ಬೇಕು. ಮಗ್ಗಿ ಬಾಯಲ್ಲಿ ಕೂತಿದ್ದರೆ ಆಟಕ್ಕೆ ವೇಗ ಬರುತ್ತದೆ. "ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು" ಎಂಬ ರಾಗವನ್ನು ಬಿಡಿ ಎಂದು ನಾನು ಹೇಳುವುದಿಲ್ಲ.

ಆದರೆ ಆ ರಾಗ ಒಂದೇ ದಿಕ್ಕಿಗೆ ಹರಿಯುತ್ತದೆ. ಚಿಕ್ಕವನಿದ್ದಾಗ ನನ್ನನ್ನು ತರಗತಿಯಲ್ಲಿ ನಿಲ್ಲಿಸಿ ಏಳೆಂಟ್ಲೆ ಎಷ್ಟು ಎಂದು ಕೇಳಿದರೆ, ಏಳೊಂದ್ಲೆಯಿಂದ ಶುರು ಮಾಡಿ ಓಡಿಕೊಂಡು ಬರುತ್ತಿದ್ದೆ. ನಡುವೆ ಎಡವಿದರೆ ಮುಗಿಯಿತು, ಎಲ್ಲರೂ ನಗುತ್ತಿದ್ದರು. ಈಗಲೂ ಆ ನಗು ನೆನಪಿದೆ. 56 ಎಂದರೆ ಯಾವುದೆರಡು ಅಂಕಿ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.

ಈ ಆಟ ಕೇಳುವುದೇ ಅದನ್ನು. "ನನಗೆ 42 ಬೇಕು. ಹಾಗಾದರೆ 6 ಮತ್ತು 7. ಪಟ್ಟಿಯಲ್ಲಿ 6 ಇದೆಯಾ, 7 ಇದೆಯಾ?" ಮಕ್ಕಳು ಹೀಗೆ ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತಾರೆ. ಭಾಗಾಕಾರ, ಅಪವರ್ತನ ಎಂಬ ಪಾಠಗಳು ಬರುವ ಹೊತ್ತಿಗೆ ಅರ್ಧ ಕೆಲಸ ಆಗಿಹೋಗಿರುತ್ತದೆ. ಆಡುವ ಮಗುವಿಗೆ ಪಾಠ ಕಲಿಯುತ್ತಿದ್ದೇನೆ ಎಂದೂ ಅನ್ನಿಸುವುದಿಲ್ಲ, ಗೆಲ್ಲಬೇಕು ಅನ್ನಿಸುತ್ತದೆ ಅಷ್ಟೇ.

ಮಗ್ಗಿ ಪೂರ್ತಿ ಬಾರದ ಚಿಕ್ಕ ಮಕ್ಕಳು ಆಡಬಹುದಾ?

ಪಟ್ಟಿಯನ್ನು 1ರಿಂದ 6ಕ್ಕೆ ಇಳಿಸಿ. ಆಗ 18 ಸಂಖ್ಯೆಗಳು ಬರುತ್ತವೆ: 1, 2, 3, 4, 5, 6, 8, 9, 10, 12, 15, 16, 18, 20, 24, 25, 30, 36. ಆರಾರರಂತೆ ಮೂರು ಸಾಲು ಬರೆದು, ನಾಲ್ಕರ ಬದಲು ಮೂರು ಕೂಡಿಸಿದವರು ಗೆದ್ದರು ಎಂದಿಟ್ಟುಕೊಳ್ಳಿ. ದೊಡ್ಡ ಬೋರ್ಡೇ ಬೇಕು ಎಂದು ಹಟ ಮಾಡಿದರೆ ಪಕ್ಕದಲ್ಲಿ ಮಗ್ಗಿ ಪುಸ್ತಕ ತೆರೆದಿಡಿ. ನೋಡಿಕೊಂಡು ಆಡಿದರೆ ಏನೂ ತಪ್ಪಿಲ್ಲ. ನಾಲ್ಕಾರು ದಿನಕ್ಕೆ ಅವರೇ ಅದನ್ನು ಮುಚ್ಚುತ್ತಾರೆ.

ಗುಣಾಕಾರ ತಪ್ಪು ಹೇಳಿದರೆ?

ದೊಡ್ಡವರ ನಡುವೆ ಆದರೆ ಬೀಜ ಸರಿಸಿದಲ್ಲೇ ಇರಲಿ, ಆ ಸಲ ಮನೆ ಇಲ್ಲ. ಮಕ್ಕಳಾದರೆ ಇನ್ನೊಂದು ಸಲ ಯೋಚಿಸಲು ಬಿಡಿ.

ಗಡಿಯಾರ ಇಟ್ಟು ಆಡಬಹುದಾ?

ನಾನು ಬೇಡ ಅನ್ನುತ್ತೇನೆ. ಬೇಗ ಹೇಳಬೇಕು ಎಂಬ ಹೆದರಿಕೆಯಲ್ಲಿ ಮಗು ಮೊದಲು ಕಂಡ ಮನೆ ಹಿಡಿಯುತ್ತದೆ. ಈ ಆಟದ ಸೊಗಸೆಲ್ಲ ಇರುವುದು ಎರಡನೆಯ, ಮೂರನೆಯ ಯೋಚನೆಯಲ್ಲಿ. ಎದುರಾಳಿ ತುಂಬಾ ಹೊತ್ತು ತೆಗೆದುಕೊಂಡರೆ ನಿಮ್ಮ ಮುಂದಿನ ನಡೆ ಯೋಚಿಸುತ್ತಿರಿ.

ನಮ್ಮ ಮನೆಯಲ್ಲಿ ದೊಡ್ಡವರೇ ಯಾವಾಗಲೂ ಗೆಲ್ಲುತ್ತಾರೆ. ಏನು ಮಾಡಲಿ?

ಬೇಕೆಂದೇ ಸೋಲಬೇಡಿ. ಮಕ್ಕಳಿಗೆ ಅದು ತಿಳಿದುಬಿಡುತ್ತದೆ, ಬೇಜಾರಾಗುತ್ತದೆ. ಅದರ ಬದಲು ನಿಯಮವನ್ನೇ ಸ್ವಲ್ಪ ವಾಲಿಸಿ. 18, 20, 28, 30 ಈ ನಾಲ್ಕು ಮನೆಗಳನ್ನು ದೊಡ್ಡವರು ಮುಟ್ಟುವಂತಿಲ್ಲ ಎನ್ನಿ. ಅಥವಾ ದೊಡ್ಡವರು ಸಾಲಾಗಿ ಐದು ಕೂಡಿಸಬೇಕು ಎನ್ನಿ. ಆಗ ದೊಡ್ಡವರೂ ಬೆವರು ಸುರಿಸಿ ಆಡಬೇಕಾಗುತ್ತದೆ. ಮಗು ಗೆದ್ದಾಗ ಆ ಗೆಲುವು ನಿಜವಾಗಿ ಅದರದ್ದೇ.

ಆಟ ಸಮ ಆಗಬಹುದಾ?

ಆಗಬಹುದು. ಇಬ್ಬರೂ ಚೆನ್ನಾಗಿ ತಡೆಯುತ್ತಾ ಹೋದರೆ ನಾಲ್ಕರ ಸಾಲು ಕಟ್ಟಲು ಜಾಗವೇ ಉಳಿಯುವುದಿಲ್ಲ. ಆಗ ಕೈಕುಲುಕಿ ಹೊಸ ಆಟ ಶುರು ಮಾಡಿ. ಹೋದ ಸಲ ಎರಡನೆಯವರಾಗಿ ಆಡಿದವರು ಈ ಸಲ ಮೊದಲು ಬೀಜ ಇಡಲಿ.

ಈ ಆಟ ಎಲ್ಲಿಂದ ಬಂತು?

ಅಮೆರಿಕದ ಶಾಲೆಗಳಿಂದ. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ 1991ರಲ್ಲಿ ಶುರುವಾದ ಕನೆಕ್ಟೆಡ್ ಮ್ಯಾಥಮೆಟಿಕ್ಸ್ ಪ್ರಾಜೆಕ್ಟ್ ಮಾಧ್ಯಮಿಕ ಶಾಲೆಗಳಿಗಾಗಿ ಗಣಿತ ಪಾಠಗಳನ್ನು ಸಿದ್ಧಮಾಡಿತು. ಅದರಲ್ಲಿ ಅಪವರ್ತನ (ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ), ಅಪವರ್ತ್ಯ (ಒಂದು ಸಂಖ್ಯೆಯ ಮಗ್ಗಿಯಲ್ಲಿ ಬರುವ ಸಂಖ್ಯೆ) ಇವುಗಳ ಪಾಠದ ಜೊತೆ ಈ ಆಟವಿದೆ. ಅಲ್ಲಿನ ಗಣಿತ ಶಿಕ್ಷಕರ ರಾಷ್ಟ್ರೀಯ ಮಂಡಳಿ ಇದನ್ನು ಇಲ್ಯುಮಿನೇಷನ್ಸ್ ಎಂಬ ತನ್ನ ತಾಣದಲ್ಲಿ ಕಂಪ್ಯೂಟರಿನಲ್ಲಿ ಆಡುವಂತೆ ಹಾಕಿತು. ಪರದೆಯ ಮೇಲೆ ಆಡುವುದು ಸುಲಭ. ಆದರೂ ಹುಣಸೆಬೀಜವನ್ನು ಬೆರಳಲ್ಲಿ ಹಿಡಿದು, ಎಲ್ಲಿಡಲಿ ಎಂದು ಗಾಳಿಯಲ್ಲೇ ನಿಲ್ಲಿಸುವ ಆ ಕ್ಷಣ ನನಗೆ ಬೇಕು.

ಕನ್ನಡ ಅಂಕಿಗಳಲ್ಲಿ ಬೋರ್ಡ್ ಬರೆಯಬಹುದಾ?

ಧಾರಾಳವಾಗಿ! ೧ರಿಂದ ೯ರ ಪಟ್ಟಿ, ೮೧ರವರೆಗಿನ ಚೌಕ. ಹೊರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡ ಅಂಕಿ ಕಲಿಸಲು ಇದು ಒಳ್ಳೆಯ ನೆಪ. ಶುರುವಿನಲ್ಲಿ ೬ ಮತ್ತು ೯ ಅದಲುಬದಲಾಗುತ್ತವೆ, ಅದೊಂದನ್ನು ನೋಡಿಕೊಳ್ಳಿ.

ಪಟ್ಟಿಗೆ 10 ಸೇರಿಸಿದರೆ?

ಹೊಸದಾಗಿ ಆರು ಸಂಖ್ಯೆಗಳು ಬರುತ್ತವೆ: 50, 60, 70, 80, 90, 100. ಸರಿಯಾಗಿ ಒಂದು ಸಾಲು. ಬೋರ್ಡಿನ ಕೆಳಗೆ ಏಳನೆಯ ಸಾಲಾಗಿ ಬರೆದುಕೊಳ್ಳಿ.

ಇದೇ ಜಾತಿಯ ಬೇರೆ ಆಟಗಳಿವೆಯಾ?

ಫ್ಯಾಕ್ಟರ್ ಗೇಮ್ ಎಂಬುದಿದೆ. 1ರಿಂದ 30ರವರೆಗೆ ಬರೆದುಕೊಳ್ಳಿ. ಒಬ್ಬರು ಒಂದು ಸಂಖ್ಯೆ ತೆಗೆದುಕೊಂಡರೆ, ಅದರ ಬಾಕಿ ಅಪವರ್ತನಗಳೆಲ್ಲ ಎದುರಾಳಿಗೆ ಅಂಕಗಳಾಗಿ ಹೋಗುತ್ತವೆ. ದೊಡ್ಡದು ಎಂದು ಮೊದಲಿಗೇ 30 ತೆಗೆದುಕೊಂಡರೆ ಎದುರಾಳಿಗೆ 1, 2, 3, 5, 6, 10, 15 ಸೇರಿ 42 ಸಿಗುತ್ತದೆ. 29 ತೆಗೆದುಕೊಂಡರೆ ಅವರಿಗೆ ಬರೀ 1.

ಇನ್ನೊಂದು ಜೂನಿಪರ್ ಗ್ರೀನ್. ಸ್ಕಾಟ್ಲೆಂಡಿನ ಎಡಿನ್‌ಬರೋ ಬಳಿಯ ಅದೇ ಹೆಸರಿನ ಶಾಲೆಯಿಂದ ಬಂದ ಆಟ. ಗಣಿತಜ್ಞ ಇಯಾನ್ ಸ್ಟೀವರ್ಟ್ 1997ರಲ್ಲಿ ಇದರ ಬಗ್ಗೆ ಬರೆದ ಮೇಲೆ ದೂರದೂರಕ್ಕೆ ಹರಡಿತು. 1ರಿಂದ 100ರವರೆಗಿನ ಚೌಕದಲ್ಲಿ, ಎದುರಾಳಿ ಆರಿಸಿದ ಸಂಖ್ಯೆಯ ಅಪವರ್ತನವನ್ನೋ ಅಪವರ್ತ್ಯವನ್ನೋ ನೀವು ಆರಿಸಬೇಕು. ಒಮ್ಮೆ ಬಳಸಿದ ಸಂಖ್ಯೆ ಮತ್ತೆ ಬರುವಂತಿಲ್ಲ. ನಡೆ ಸಿಗದವರು ಸೋತರು. ಮೊದಲ ಸಂಖ್ಯೆ ಸಮಸಂಖ್ಯೆಯೇ ಆಗಿರಬೇಕು ಎಂಬ ನಿಯಮವೂ ಇದೆ. ಆ ನಿಯಮ ಇಲ್ಲದೆ ಒಮ್ಮೆ ಆಡಿ ನೋಡಿ. ನೀವು 97 ಅನ್ನುತ್ತೀರಿ. ಎದುರಾಳಿಗೆ 1 ಬಿಟ್ಟರೆ ಬೇರೆ ಗತಿಯಿಲ್ಲ. ನೀವು 89 ಅನ್ನುತ್ತೀರಿ. ಆಟ ಮುಗಿಯಿತು.